ಊಟ ಆದ ಮೇಲೆ

ಗೋವಿನಕೋವಿ
20 ಜೂನ್ 2021

ಮುದ್ದಿನ ಚೈತ್ರಾ,

ನಿನ್ನ ಅಪ್ಪ, ನಾನು ಆರಾಮಾಗಿದ್ದೇವೆ. ಬರೆಯಲು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನನ್ನ ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ "ಅಮ್ಮ, ಎಮರ್ಜೆನ್ಸಿ ವಾರ್ಡಲ್ಲಿದ್ದೀನಿ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ನಿನ್ನ ತಮ್ಮ ಪ್ರವೀಣನ ಕೈಯಲ್ಲಿ ಈ ಕಾಗದ, ಜೊತೆಗೆ ಶೇಂಗಾ ಚಟ್ನಿಪುಡಿ.

ಹೋದ ವಾರ ನೀನು ಗೊಣಗಿದ್ದೆಯಲ್ಲ, "ಕೊರೋನಾದವರನ್ನಾದ್ರೂ ನೋಡಬಹುದಮ್ಮ. ಜ್ವರ ಇಲ್ಲ, ಕೆಮ್ಮಿಲ್ಲ, ತಲೆ ಸುತ್ತಿ ಬಿದ್ದೆ ಅಂತ ಬರ್ತಾರೆ. ಮಾತ್ರೆ ಕೊಟ್ಟು ಕಳಿಸಿದ್ರೆ ನುಂಗದೆ ಮತ್ತೆ ಬಂದು ಮಲಗ್ತಾರೆ. ಹೇಳಿದ್ದು ಕೇಳಲ್ಲ ನಮ್ಮ ಜನ." ಅದಕ್ಕೆ ಉತ್ತರ ನನಗೆ ಕೆಂಪಕ್ಕನ ಮನೆಯಲ್ಲಿ ಸಿಕ್ಕಿತು.

ಕೆಂಪಕ್ಕನನ್ನು ಮರೆತಿಲ್ಲ ತಾನೆ? ನಾನು ಹೆಡ್‌ಮಿಸ್ಟ್ರೆಸ್ ಆಗಿದ್ದಾಗ ಶಾಲೆಗೆ ಬಿಸಿಯೂಟ ಬಂತು, ಮೊದಲು ಒಲೆ ಹಚ್ಚಿದವಳು ಅವಳು. ಅವಳ ಕೈಯ ಅಡುಗೆ ನಮ್ಮ ಮಕ್ಕಳಿಗೆ ಬೇಡವೆಂದು ದೊಡ್ಡ ಮನೆಗಳವರು ಡಬ್ಬಿ ಕಟ್ಟಿ ಕಳಿಸಿದರು. ಯಾರು ಯಾರೆಂದು ನನಗಿನ್ನೂ ನೆನಪಿದೆ. ಈಗ ಅವರೇ ವೇದಿಕೆ ಹತ್ತಿ ಸಮಾನತೆಯ ಭಾಷಣ ಬಿಗಿಯುತ್ತಾರೆ. ಅಂದು ಮೊದಲ ಪಂಕ್ತಿಯಲ್ಲಿ ನಿನ್ನನ್ನು ಕೂರಿಸಿದೆ. "ಇನ್ನೊಂದು ಸೌಟು ಸಾರು" ಎಂದು ನೀನು ತಟ್ಟೆ ಚಾಚಿದ್ದಕ್ಕೆ ಅವಳು ಮೂರು ಸೌಟು ಸುರಿದಳು.

ಮಕ್ಕಳೆಲ್ಲ ಎದ್ದ ಮೇಲೆ ತಾನು ತಟ್ಟೆ ಹಿಡಿಯುತ್ತಿದ್ದಳು. ಅವಳಿಗೆ ದಿನಕ್ಕೆ ಅದೊಂದೇ ಹೊಟ್ಟೆ ತುಂಬುವ ಊಟ. ಕೊರೋನಾ ಬಂದು ಶಾಲೆ ಮುಚ್ಚಿದಾಗ ಮಕ್ಕಳ ಪಾಠ ಹೋಯಿತೆಂದು ಊರೆಲ್ಲ ಮರುಗಿತು. ಬೇಯಿಸಿ ಹಾಕಿದವಳು ಇನ್ನೆಲ್ಲಿ ಉಣ್ಣುತ್ತಾಳೆಂದು ನಾವು ಯಾರೂ ಕೇಳಲಿಲ್ಲ. ಇದರ ಮೇಲೆ, ಕೂಲಿ ನಿಂತುಹೋಗಿ ಅವಳ ಮಗಳು ದುರ್ಗಾಂಬಿಕಾ ಜಗಳೂರಿನಿಂದ ಮಕ್ಕಳನ್ನು ಕಟ್ಟಿಕೊಂಡು ಬಂದಳು. ರೇಷನ್ ಅಕ್ಕಿ ಮೊಮ್ಮಕ್ಕಳ ತಟ್ಟೆಗೇ ಮುಗಿಯುತ್ತದೆ.

ಕೆಂಪಕ್ಕ ಎರಡು ಸಲ ತಲೆ ಸುತ್ತಿ ಬಿದ್ದು ನಿನ್ನ ಆಸ್ಪತ್ರೆಗೇ ಹೋಗಿ ಬಂದಳೆಂದು ತಿಳಿದು ನೋಡಲು ಹೋದೆ. ಸಕ್ಕರೆ ಕಾಯಿಲೆಯಂತೆ. ಕೊಟ್ಟ ಮಾತ್ರೆಗಳೆಲ್ಲ ಗೋಡೆಯ ಗೂಡಿನಲ್ಲಿ ಹಾಗೇ ಇದ್ದವು.

"ಯಾಕೆ ಕೆಂಪಕ್ಕ, ನುಂಗಿಲ್ಲ?"

"ಊಟ ಆದಮ್ಯಾಲೆ ತಗೋ ಅಂದಾರೆ, ಟೀಚರಮ್ಮ. ಊಟ ಆಗದೆ ಹೆಂಗೆ ನುಂಗಾಕೆ ಬರ್ತತೆ? ಗಂಜಿನೀರು ಊಟ ಅಲ್ಲ ಬಿಡ್ರಿ. ಊಟ ಆದ ದಿನಕ್ಕಿರ್ಲಿ ಅಂತ ಇಟ್ಟೀನಿ."

"ಡಾಕ್ಟರಿಗೆ ಹೇಳಬಾರದಿತ್ತೇ? ಅಲ್ಲಿ ನಮ್ಮ ಚೈತ್ರಾ ಇದ್ದಾಳಲ್ಲ."

"ಯಾರಿದ್ರೋ ಏನೋ! ಎಲ್ರೂ ಚಂದ್ರಲೋಕಕ್ಕೆ ಹೊಂಟೋರಂಗೆ ಮೈತುಂಬ ಮುಚ್ಕಂಡಿದ್ರು" ಎಂದು ನಕ್ಕು ಮಾತು ಮರೆಸಿದಳು.

ಹೇಳಿದ್ದು ಕೇಳುವುದಿಲ್ಲ ಎಂದೆಯಲ್ಲ ಮಗಳೇ, ಅವಳು ಒಂದಕ್ಷರ ಬಿಡದೆ ಕೇಳಿದ್ದಾಳೆ. ಬೀದಿಯಲ್ಲಿ ಎದುರಾದವರನ್ನೆಲ್ಲ "ಊಟ ಆಯ್ತಾ" ಎನ್ನುವ ಜನ ನಾವು. ಆಸ್ಪತ್ರೆಯ ಬಾಗಿಲಲ್ಲಿ ಆ ಮಾತನ್ನು ಯಾಕೆ ಬಿಡಬೇಕು? ಜ್ವರ ನೋಡುವಾಗ ಅದನ್ನೂ ಕೇಳು.

ಈಗ ಅವಳ ಮಧ್ಯಾಹ್ನದ ಊಟ ನಮ್ಮ ಮನೆಯಿಂದ ಹೋಗುತ್ತದೆ. ಉಂಡು, ನನ್ನೆದುರೇ ಮಾತ್ರೆ ನುಂಗುತ್ತಾಳೆ. "ಸಾರಿಗೆ ಉಪ್ಪು ಸಾಲ್ದು ಟೀಚರಮ್ಮ" ಎಂದು ನನಗೇ ಪಾಠ ಬೇರೆ.

ನಿನ್ನ ಕೈ ಮುಟ್ಟಿದವರೆಲ್ಲ ಎದ್ದು ಮನೆಗೆ ನಡೆಯಲಿ. ಈ ಕಾಲ ಕಳೆದು ನೀನೂ ನಗುತ್ತ ಮನೆಗೆ ಬಾ.

ನಿನ್ನ ಅಮ್ಮ,
ಅನ್ನಪೂರ್ಣಮ್ಮ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದೆ. ಇವತ್ತು ಊಟ ಕೊಡುವಾಗ ಕೆಂಪಕ್ಕ ಬಾಯಿಬಿಟ್ಟಳು. ಎರಡನೆಯ ಸಲ ಹೋದಾಗ "ಬದುಕೋ ಆಸೆ ಇಲ್ವೇನಮ್ಮ?" ಎಂದು ಅವಳನ್ನು ಗದರಿದ್ದು ನೀನೇ. ದನಿ ಕೇಳಿದ ಕೂಡಲೇ ಗುರುತು ಸಿಕ್ಕಿತಂತೆ.

"ನನ್ನ ಕೈಯಾಗೆ ಉಂಡ ಕೂಸು. ಅದರ ಮುಂದೆ ಹೊಟ್ಟೆಗಿಲ್ಲ ಅನ್ನಾಕೆ ಬಾಯಿ ಬರ್ಲಿಲ್ಲ, ಟೀಚರಮ್ಮ. ನೀವು ಬೈಬ್ಯಾಡ್ರಿ. ಅದರ ಕಣ್ಣು ಒಳಗೆ ಹೋಗ್ಯಾವೆ ಪಾಪ. ಊಟ ಆಗೈತೋ ಇಲ್ಲೋ, ಕೇಳ್ರಿ" ಎಂದಳು.

ಊಟ ಆಯ್ತಾ, ಚೈತ್ರಾ?