ಅತ್ತೆ ಎಂಬ ಯಂತ್ರದ ಬಗ್ಗೆ ಅತ್ತೆಯವರಿಗೆ

ಪೂಜ್ಯ ಅತ್ತೆಯವರಿಗೆ,

ನಿಮ್ಮ ಸೊಸೆ ಮಾಡುವ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಬರೆದರೆ ಸುಳ್ಳಾಗುತ್ತದೆ. ನಿಮ್ಮ ಚೀಲ, ಬಿ.ಪಿ. ನೋಡುವ ಉಪಕರಣ ಮತ್ತು ಮುಖ, ಮೂರನ್ನೂ ಬಿಗಿದುಕೊಂಡು ನೀವು ಮಗಳ ಮನೆಗೆ ಹೋಗಿ ಇವತ್ತಿಗೆ ಹನ್ನೊಂದು ದಿನ. ಅವತ್ತಿನಿಂದ ನಿಮ್ಮ ಮಗ ‘ಹೂಂ’, ‘ಊಹೂಂ’ ಎಂಬ ಎರಡೇ ಮಾತಿನಲ್ಲಿ ಸಂಸಾರ ನಡೆಸುತ್ತಿದ್ದಾರೆ.

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಸಂದೇಶ ಕಳಿಸೋಣವೆಂದರೆ ಈ ರಾದ್ಧಾಂತ ಶುರುವಾದದ್ದೇ ಸಂದೇಶದಿಂದ. ಹಾಗಾಗಿ ಕಾಗದ ಹಿಡಿದು ಕುಳಿತಿದ್ದೇನೆ. ನಿಮ್ಮನ್ನು ವಾಪಸು ಕರೆತರುವುದು ಬಿಟ್ಟರೆ ನನಗೆ ಬೇರೆ ಉದ್ದೇಶವಿಲ್ಲ. ನನ್ನ ಪರವಾಗಿ ವಕೀಲಿ ಮಾಡಲು ಹೋದ ನಿಮ್ಮ ಮಗಳು ಸೋತು ಬಂದು ಹೇಳಿದಳು: “ಅಮ್ಮ ನಂಬ್ತಾನೇ ಇಲ್ಲ ಅತ್ತಿಗೆ. ‘ಯಾರಾದ್ರೂ ಯಂತ್ರಕ್ಕೆ ಅತ್ತೆ ಅಂತ ಹೆಸರಿಡ್ತಾರೇನೇ? ಅವಳು ಹೇಳಿದ್ಲಂತೆ, ನೀನು ಕೇಳಿದ್ಯಂತೆ’ ಅಂತಾಳೆ.”

ಇಡುತ್ತಾರೆ ಅತ್ತೆ. ನಮ್ಮಲ್ಲಿ ಇಟ್ಟಿದ್ದಾರೆ.

ನಾಲ್ಕು ವರ್ಷದಿಂದ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಎಲ್ಲಿಗೆ ಹೋಗುತ್ತೇನೆ, ಹೋಗಿ ಏನು ಮಾಡುತ್ತೇನೆ ಎಂದು ನಾನು ನಿಮಗೆ ಸರಿಯಾಗಿ ಹೇಳಿಯೇ ಇಲ್ಲ. ‘ಲೈಬ್ರರಿಯಲ್ಲಿ ಕಂಪ್ಯೂಟರ್ ಕೆಲಸ’ ಎಂದು ನೀವು ನೆಂಟರಿಗೆ ಹೇಳುತ್ತೀರಿ; ಅವರು ಪುಸ್ತಕದ ಧೂಳು ಹೊಡೆಯುವ ಕೆಲಸವೆಂದು ತಿಳಿದುಕೊಳ್ಳುತ್ತಾರೆ. ನಮ್ಮ ಲೈಬ್ರರಿಗೆ ಹನ್ನೆರಡು ಶಾಖೆಗಳು. ಯಾವ ಪುಸ್ತಕ ಎಲ್ಲಿದೆ, ಯಾರು ಒಯ್ದು ಮರೆತಿದ್ದಾರೆ ಎಂಬುದೆಲ್ಲ ಇರುವುದು ಮುಖ್ಯ ಕಟ್ಟಡದ ಹಿಂದಿನ ಕೋಣೆಯ ಆರು ಯಂತ್ರಗಳಲ್ಲಿ. ಅವನ್ನೇ ಸರ್ವರ್ ಎನ್ನುವುದು. ಮೊದಲು ಅದು ಪುಸ್ತಕಕ್ಕೆ ರಟ್ಟು ಕಟ್ಟುವ ಕೋಣೆಯಾಗಿತ್ತಂತೆ, ಅಂಟಿನ ವಾಸನೆ ಈಗಲೂ ಹೋಗಿಲ್ಲ. ಕಬ್ಬಿಣದ ಕಪಾಟಿನಲ್ಲಿ ಒಂದರ ಮೇಲೊಂದು ಮಲಗಿರುವ ಅವುಗಳ ಆರೈಕೆ ನನ್ನ ಪಾಲಿಗೆ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ ನೀವು ಮಾಡಿದ್ದನ್ನೇ ನಾನು ಅಲ್ಲಿ ಮಾಡುವುದು: ಜ್ವರ ನೋಡುವುದು, ನಾಡಿ ನೋಡುವುದು, ಬರೆದಿಡುವುದು, ಉಸಿರು ನಿಂತರೆ ಓಡುವುದು. ನಿಮ್ಮ ರೋಗಿಗಳು ಗುಣವಾದ ಮೇಲೆ ಮನೆಗೆ ಹೋಗುತ್ತಿದ್ದರು. ನನ್ನವು ಗುಣವಾದರೂ ಅಲ್ಲೇ ಮಲಗಿರುತ್ತವೆ.

ಆ ಯಂತ್ರಗಳಿಗೆ ಹೆಸರಿಟ್ಟವರು ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದ ಹಿರಿಯರು. “ನಂಬರ್ ಕೊಟ್ರೆ ಮರ್ತು ಹೋಗುತ್ತೆ. ನೆಂಟಸ್ತನ ಕೊಡಿ, ಸತ್ರೂ ಮರೆಯಲ್ಲ” ಎನ್ನುತ್ತಿದ್ದರಂತೆ. ಹಾಗಾಗಿ ಎಲ್ಲದರ ಪ್ರತಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳುವ ಯಂತ್ರ ಅಜ್ಜಿ. ಮುದ್ರಣ ನೋಡಿಕೊಳ್ಳುವುದು ಮಾವ. ಸದ್ದು ಜಾಸ್ತಿ, ಕೆಲಸ ಕಡಿಮೆ. ಪಕ್ಕದವನಂತೆಯೇ ಇದ್ದು, ಅವನು ಬಿದ್ದಾಗ ಮಾತ್ರ ಎದ್ದು ನಿಲ್ಲುವುದು ಷಡ್ಡಕ. ಬಾಗಿಲು ಕಾಯುವ ಯಂತ್ರವೇ ಅತ್ತೆ. ಹೊರಗಿನಿಂದ ಯಾರೇ ಬರಲಿ, ಅವಳಿಗೆ ಗುರುತು ಹೇಳಿಯೇ ಒಳಗೆ ಬರಬೇಕು. ಮೂರು ಸಲ ಗುಟ್ಟಿನ ಪದ ತಪ್ಪು ಹೇಳಿದವರ ಮುಖಕ್ಕೆ ಬಾಗಿಲು ಹಾಕಿ ಅಗುಳಿ ಜಡಿಯುತ್ತಾಳೆ. ಅದಕ್ಕೆಂದೇ ಫೇಲ್‌ಟುಬ್ಯಾನ್ ಎಂಬ ಉಚಿತ ಸಲಕರಣೆಯನ್ನು ಅವಳ ಕೈಗೆ ಕೊಟ್ಟಿದ್ದೇವೆ. ಇದು ಹೊಗಳಿಕೆ ಅತ್ತೆ. ಇನ್ನೂ ಅನುಮಾನವಿದ್ದರೆ ಆ ಯಂತ್ರದ ಮೇಲಿದ್ದ ಚೀಟಿಯನ್ನೇ ಕಿತ್ತು ಈ ಕಾಗದದ ಜೊತೆ ಇಟ್ಟಿದ್ದೇನೆ, ನೋಡಿ. ಮಾಸಿದ ಶಾಯಿಯಲ್ಲಿ ‘ಅತ್ತೆ’ ಎಂದಿದೆ, ಕೆಳಗೆ ತಾರೀಕಿದೆ. ಒಂಬತ್ತು ವರ್ಷ ಹಳೆಯದು. ಆಗ ನಾನು ನಿಮ್ಮ ಮಗನ ಮುಖವನ್ನೂ ನೋಡಿರಲಿಲ್ಲ.

ಉಚಿತ ಎಂದ ಕೂಡಲೇ ನೀವು ಮೂಗು ಮುರಿಯುತ್ತೀರಿ ಎಂದು ಗೊತ್ತು. “ಬಿಟ್ಟಿ ಕೊಟ್ಟ ಮಾತ್ರೆನ ರೋಗಿ ನುಂಗಲ್ಲ ಕಣಮ್ಮ, ದಿಂಬಿನ ಕೆಳಗೆ ಇಟ್ಕೊಂಡಿರ್ತಾನೆ” ಎಂದು ಒಮ್ಮೆ ಹೇಳಿದ್ದಿರಿ. ನಮ್ಮ ಕಸುಬಿನ ಉಚಿತ ಬೇರೆ ಥರದ್ದು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ಇದೆಯಲ್ಲ, ನಮ್ಮಲ್ಲಿ ಹಾಗೆ ಮೊಳ ಹಾಕಿ ನೋಡುವುದೇ ಮರ್ಯಾದೆ. ಯಂತ್ರಗಳನ್ನು ನಡೆಸುವ ಲಿನಕ್ಸ್‌ನಿಂದ ಹಿಡಿದು ನಾವು ಬಳಸುವುದೆಲ್ಲ ಹಾಗೆ ಬಂದದ್ದು. ಬರೆದವರು ಯಾರೋ, ಎಲ್ಲಿಯವರೋ. ಒಳಗಿನ ಹೊಲಿಗೆಯನ್ನು ಬಿಚ್ಚಿ ತೋರಿಸಿಯೇ ಕೊಡುತ್ತಾರೆ. ಗಿಡ್ಡವಾಯಿತೆಂದರೆ ನಾವೇ ತುಂಡು ಸೇರಿಸಿ ಹೊಲಿದು ಎಲ್ಲರಿಗೂ ಹಂಚಬಹುದು. ಬುದ್ಧಿಯನ್ನು ಮಾತ್ರ ಅವರು ಜೊತೆಗೆ ಕೊಡುವುದಿಲ್ಲ, ಅದನ್ನು ನಾವೇ ಮನೆಯಿಂದ ತರಬೇಕು. ಅವತ್ತು ನಾನು ತಂದಿರಲಿಲ್ಲ.

ಯಂತ್ರಗಳ ನಾಡಿ ನೋಡಿ ಫೋನಿಗೆ ಸುದ್ದಿ ಕಳಿಸುವ ಒಂದು ಪ್ರೋಗ್ರಾಮನ್ನು ಅವತ್ತು ಬೆಳಿಗ್ಗೆ ಹೊಸದಾಗಿ ಹಾಕಿದ್ದೆ. ಸುದ್ದಿ ಕಚೇರಿಯ ಗುಂಪಿಗೆ ಹೋಗಬೇಕಿತ್ತು. ಯಂತ್ರಗಳೆಲ್ಲ ನೆಂಟರೇ ಆದ್ದರಿಂದ ಆ ಗುಂಪಿನ ಹೆಸರು ‘ಮನೆಮಂದಿ’. ನಮ್ಮ ಮನೆಯ ಗುಂಪಿನ ಹೆಸರು ‘ಮನೆ’. ಎರಡೂ ನನ್ನ ಪಟ್ಟಿಯಲ್ಲಿ ಒಂದರ ಕೆಳಗೊಂದು ಇವೆ. ಹೊಸ ಗಂಟೆ ಕಟ್ಟಿದವರು ಮೊದಲು ತಮ್ಮ ಕಿವಿಯ ಹತ್ತಿರವೇ ಬಾರಿಸಿ ನೋಡಬೇಕು, ಅಂದರೆ ಪರೀಕ್ಷೆಗೆಂದು ಒಂದು ಸುದ್ದಿಯನ್ನು ತಮಗೇ ಕಳಿಸಿಕೊಳ್ಳಬೇಕು. ಕೆಲಸಕ್ಕೆ ಹೊಸದಾಗಿ ಬಂದವರಿಗೆಲ್ಲ ನಾನೇ ಹೇಳಿಕೊಡುವ ಪಾಠ ಇದು. ಹೇಳುವುದು ಶಾಸ್ತ್ರ, ಮಾಡುವುದು ಇನ್ನೇನೋ. ‘ಮನೆ’ಯನ್ನು ಒತ್ತಿ, ಫೋನನ್ನು ಮೇಜಿನ ಖಾನೆಯಲ್ಲಿಟ್ಟು, ಯಂತ್ರದ ಕೋಣೆಗೆ ಹೋದೆ.

ಮೊದಲನೆಯದು ಹನ್ನೊಂದು ಗಂಟೆಗೆ ಬಂತು: ‘ಅತ್ತೆ: ಸ್ಥಿತಿ ಗಂಭೀರ. ಇನ್ನು ಜಾಗವಿಲ್ಲ.’ ಬಾಗಿಲಿಗೆ ಬಂದವರ ಹೆಸರನ್ನೆಲ್ಲ ಬರೆದಿಟ್ಟುಕೊಂಡು ಯಂತ್ರದ ಹೊಟ್ಟೆ ತುಂಬಿತ್ತು. ಹಳೆಯ ದಾಖಲೆಗಳನ್ನು ವಾರಕ್ಕೊಮ್ಮೆ ಒತ್ತಿ ಗಂಟು ಕಟ್ಟಿ, ತೀರಾ ಹಳತನ್ನು ಸಾಗಹಾಕಲು ಲಾಗ್‌ರೊಟೇಟ್ ಎಂಬ ಪುಟ್ಟ ಸಲಕರಣೆ ಇದೆ. ಒಮ್ಮೆ ಹೇಳಿಟ್ಟರೆ ಸಾಕು, ಮತ್ತೆ ನೆನಪಿಸಬೇಕಿಲ್ಲ. ಆ ಒಮ್ಮೆಯೂ ನಾನು ಹೇಳಿಟ್ಟಿರಲಿಲ್ಲ. ನೀವು ಅಡುಗೆಮನೆಯಲ್ಲಿ ನಿಂತು ನಿಮ್ಮ ಸ್ಥಿತಿ ಗಂಭೀರವೆಂದು ಓದಿ, ನಿಮ್ಮ ನಾಡಿಯನ್ನು ನೀವೇ ಹಿಡಿದು, ಗಡಿಯಾರ ನೋಡಿ, “ಎಪ್ಪತ್ತೆರಡು ಇದೆಯಲ್ಲ!” ಎಂದಿರಂತೆ.

ಎರಡನೆಯದು: ‘ಅತ್ತೆ: ಹತ್ತು ನಿಮಿಷದಿಂದ ಉತ್ತರವಿಲ್ಲ.’ ಮೂರನೆಯದು: ‘ಅತ್ತೆಯನ್ನು ಬಲವಂತವಾಗಿ ಎಬ್ಬಿಸಲಾಗಿದೆ.’ ಮಾತಾಡದ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದ್ದು, ಅಷ್ಟೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಸ್ವಭಾವ ನಿಮ್ಮ ಮಗಳದ್ದು. ನಿಮ್ಮ ಫೋನಿಗೇ ಫೋನ್ ಮಾಡಿ, ನೀವೇ ಎತ್ತಿ ಮಾತಾಡಿದರೂ, “ಅಮ್ಮ ಹೇಗಿದಾಳೆ? ನಿಜ ಹೇಳಿ, ನಾನು ತಡ್ಕೋತೀನಿ” ಎಂದು ಅತ್ತಳಂತೆ.

ಮುಂದಿನ ಮೂರು ಸಂದೇಶಗಳು ಯಂತ್ರ ಕಳಿಸಿದವಲ್ಲ, ಅದೇ ಪ್ರೋಗ್ರಾಮಿನಲ್ಲಿ ನಾನು ಕೈಯಾರೆ ಟೈಪು ಮಾಡಿದವು. ಕೆಳಗಿನ ಮಹಡಿಯಲ್ಲಿ ತಂತಿ ಜೋಡಿಸುವ ಸಹೋದ್ಯೋಗಿಗೆ ಸುದ್ದಿ ಮುಟ್ಟಿಸಲೆಂದು. ಅವನನ್ನು ನಾವು ತಂತಿರಾಯ ಎನ್ನುತ್ತೇವೆ. ತಂತಿರಾಯನಿಗೆ ಒಂದೂ ಮುಟ್ಟಲಿಲ್ಲ. ಅವನು ಮೇಡಂ ಇವತ್ತು ಸುಮ್ಮನಿದ್ದಾರೆ ಎಂದು ಖುಷಿಯಾಗಿ ಪೇಪರ್ ಓದುತ್ತ ಕೂತಿದ್ದ. ಮುಟ್ಟಿದ್ದೆಲ್ಲ ನಿಮಗೆ.

‘ಅತ್ತೆಗೆ ವಯಸ್ಸಾಯ್ತು. ಇನ್ನು ರಿಪೇರಿ ಮಾಡಿ ಪ್ರಯೋಜನ ಇಲ್ಲ. ಇವತ್ತೇ ಕಿತ್ತು ಹೊರಗಿಡೋಣ.’ ಇದಕ್ಕೆ ವಿವರಣೆ ಬೇಡ, ಒಂಬತ್ತು ವರ್ಷ ದುಡಿದ ಯಂತ್ರ. ಆಮೇಲೆ: ‘ಅತ್ತೆ ಹತ್ರ ಇದ್ದಿದ್ದನ್ನೆಲ್ಲ ಅಜ್ಜಿಗೆ ಸಾಗಿಸಿ ಆಯ್ತು. ಇನ್ನು ಅತ್ತೇನ ಒರೆಸಿ ಹಾಕ್ಬಹುದು.’ ಆಗ ನೀವು ಕೈಬಳೆ ಮುಟ್ಟಿ ನೋಡಿಕೊಂಡಿರೆಂದು ಕೇಳಿದೆ. ಸಾಗಿಸಿದ್ದು ಬರೀ ದಾಖಲೆಗಳನ್ನು ಅತ್ತೆ, ಆರ್‌ಸಿಂಕ್ ಎಂಬ ಸಲಕರಣೆಯಿಂದ. ಬಹಳ ಒಳ್ಳೆಯ ಸಲಕರಣೆ. ‘ನಿಜವಾಗಿ ಮಾಡಬೇಡ, ಮಾಡಿದ ಹಾಗೆ ಮಾಡಿ ತೋರಿಸು’ ಎಂದರೆ, ಏನನ್ನೂ ಮುಟ್ಟದೆ ಏನೇನು ಮಾಡಲಿದ್ದೇನೆ ಎಂದು ಪಟ್ಟಿ ಒಪ್ಪಿಸುತ್ತದೆ. ಅಂಥದ್ದೊಂದು ಸೌಕರ್ಯ ನನ್ನ ಬೆರಳುಗಳಿಗೂ ಇರಬೇಕಿತ್ತು.

ಆರನೆಯದೇ ನಿಮ್ಮನ್ನು ಮನೆ ಬಿಡಿಸಿದ್ದು: ‘ಸೊಸೆ ಅಧಿಕಾರ ವಹಿಸ್ಕೊಂಡಿದ್ದಾಳೆ. ಬೀಗದ ಕೈ ಎಲ್ಲ ಬದಲಾಯಿಸಿ ಆಯ್ತು. ಹಳೇದು ನಡೆಯಲ್ಲ.’ ಅತ್ತೆಯ ಜಾಗಕ್ಕೆ ಬಂದ ಹೊಸ ಯಂತ್ರಕ್ಕೆ ಸೊಸೆ ಎನ್ನದೆ ಇನ್ನೇನು ಹೆಸರಿಡುವುದು? ಬೀಗದ ಕೈ ಎಂದರೂ ಕಬ್ಬಿಣದ್ದಲ್ಲ. ಗುಟ್ಟಿನ ಪದವನ್ನು ಯಾರಾದರೂ ಊಹಿಸಿಬಿಡಬಹುದೆಂದು ಅದರ ಬದಲು ಉದ್ದನೆಯ ಅಕ್ಷರಗಳ ಸರವೊಂದನ್ನು ಪ್ರತಿಯೊಬ್ಬರಿಗೂ ಕೊಡುತ್ತೇವೆ, ಅದಕ್ಕೆ ನಮ್ಮಲ್ಲಿ ಹಾಗೆ ಹೆಸರು. ನೀವು ಮನೆಯ ಬೀಗದ ಕೈಯನ್ನು ಊಟದ ಮೇಜಿನ ಮೇಲಿಟ್ಟು ಹೊರಟಿರಿ. ಅಷ್ಟರಲ್ಲಿ ನಿಮ್ಮ ಓರಗಿತ್ತಿ ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂದು ಗುಂಪಿನಲ್ಲಿ ಬರೆದು, ಕೈ ಮುಗಿದ ಚಿತ್ರ ಬೇರೆ ಹಾಕಿದ್ದರು. ನಾನು ನಾಲ್ಕು ಗಂಟೆಗೆ ಹೊರಬಂದು ಫೋನ್ ನೋಡಿದಾಗ ನಲವತ್ಮೂರು ಕರೆಗಳು.

ಇಷ್ಟು ತಮಾಷೆಯ ಭಾಗ. ನಿಮಗೆ ಗೊತ್ತಿಲ್ಲದ್ದೊಂದನ್ನು ಹೇಳುತ್ತೇನೆ. ಮೂರು ವರ್ಷದ ಹಿಂದೆ ಮಕ್ಕಳ ಶಾಖೆಯ ಪುಸ್ತಕದ ಪಟ್ಟಿ ಪೂರ್ತಿ ಅಳಿಸಿಹೋಗಿತ್ತು. ಅಜ್ಜಿಯ ಹತ್ತಿರ ಪ್ರತಿ ಇರುತ್ತದೆ ಎಂದು ತೆರೆದರೆ ಖಾಲಿ. ಐದು ತಿಂಗಳಿಂದ ಅಜ್ಜಿ ಒಂದು ಬರಿದಾದ ಪೆಟ್ಟಿಗೆಯನ್ನೇ ಶ್ರದ್ಧೆಯಿಂದ ನಕಲು ಮಾಡಿ, ದಿನಾ ಸಂಜೆ ‘ಎಲ್ಲ ಸರಿಯಾಗಿದೆ’ ಎಂದು ಹಸಿರು ದೀಪ ತೋರಿಸಿದ್ದಳು. ಆ ದಿನ ನಾನು ಅಡುಗೆಮನೆಯ ಮಣೆಯ ಮೇಲೆ ಕೂತು ಅತ್ತುಬಿಟ್ಟೆ. ನೀವು ಬಟಾಣಿ ಸುಲಿಯುತ್ತ, ತಲೆ ಎತ್ತದೆ ಹೇಳಿದಿರಿ: “ಚಾರ್ಟ್‌ನಲ್ಲಿ ಎಲ್ಲ ಸರಿ ಅಂತಾನೇ ಬರೆದಿರ್ತಾರೆ ಕಣಮ್ಮ. ಚಾರ್ಟ್ ನೋಡಿ ರೋಗಿ ಚೆನ್ನಾಗಿದಾನೆ ಅನ್ಬಾರದು. ಹೋಗಿ ಕೈ ಹಿಡ್ದು ನೋಡ್ಬೇಕು.” ಅವತ್ತಿನಿಂದ ಪ್ರತಿ ತಿಂಗಳ ಮೊದಲ ಸೋಮವಾರ ನಾನು ಅಜ್ಜಿಯ ಹತ್ತಿರದ ಒಂದು ಪ್ರತಿಯನ್ನು ಹೊರತೆಗೆದು, ಬೇರೆ ಯಂತ್ರದಲ್ಲಿ ಹಾಕಿ, ನಿಜವಾಗಿ ತೆರೆಯುತ್ತದೆಯೇ ಎಂದು ನೋಡುತ್ತೇನೆ. ಈ ಕಸುಬಿನವರು ಸೇರುವ ಒಂದು ಜಾಲತಾಣದಲ್ಲಿ ನಿಮ್ಮ ಮಾತನ್ನು ಹಾಗೇ ಬರೆದೆ. ಗುರುತಿಲ್ಲದ ಎಷ್ಟೋ ಜನ ಕೃತಜ್ಞತೆ ಹೇಳಿದರು. ಯಾರು ಹೇಳಿದ್ದು ಎಂದು ಕೇಳಿದವರಿಗೆ ‘ನಮ್ಮತ್ತೆ’ ಎಂದೆ. ಅವರು ಯಾವ ಸರ್ವರ್ ಎಂದುಕೊಂಡರೋ ಗೊತ್ತಿಲ್ಲ. ಇದನ್ನು ನಿಮ್ಮ ಮುಂದೆ ಒಂದು ದಿನವೂ ಹೇಳದಿದ್ದದ್ದು ನನ್ನ ತಪ್ಪು.

ಇನ್ನೊಂದು ತಪ್ಪಿದೆ. ನೀವು ಓದಿದ್ದು ಆರು ಸಂದೇಶ. ಏಳನೆಯದೊಂದು ಇದೆ.

ನೀವು ಹೋದ ಮರುದಿನ ಮಧ್ಯಾಹ್ನ ತಂತಿರಾಯನಿಗೆ ಬರೆದೆ: ‘ಅತ್ತೆ ಹೋದ್ಮೇಲೆ ಎಷ್ಟು ನೆಮ್ಮದಿ! ಯಾವತ್ತೋ ಆಗ್ಬೇಕಿತ್ತು.’ ಅವನು ಉತ್ತರಿಸಿದ: ‘ಹೌದು ಮೇಡಂ. ಆ ಗುರ್ ಗುರ್ ಸದ್ದೇ ಇಲ್ಲ ಈಗ.’ ಅವನು ಹೇಳಿದ್ದು ಯಂತ್ರದ ಫ್ಯಾನಿನ ಬಗ್ಗೆ. ನಾನು ಬರೆದದ್ದು ನಿಮ್ಮ ಬಗ್ಗೆ.

ಅವತ್ತು ಬೆಳಿಗ್ಗೆ ನಾನು ನಿಂತುಕೊಂಡೇ ತಿಂಡಿ ತಿಂದಿದ್ದೆ, ಒದ್ದೆ ಟವೆಲನ್ನು ಕುರ್ಚಿಯ ಮೇಲೆ ಎಸೆದಿದ್ದೆ, ಯಾರೂ ಏನೂ ಅನ್ನಲಿಲ್ಲ. ಆ ಖುಷಿಯಲ್ಲಿ ಬರೆದದ್ದು. ಈ ಕಾಗದದ ಕರಡನ್ನು ಓದಿದ ನಿಮ್ಮ ಮಗ, “ಅದನ್ಯಾಕೆ ಬರೀತೀಯ? ಅಮ್ಮಂಗೆ ಗೊತ್ತೇ ಇಲ್ಲ. ಇಲ್ಲಾಂದ್ರೆ ಅದೂ ಯಂತ್ರದ ವಿಷಯ ಅಂದ್ಬಿಡು” ಎಂದರು. ಹನ್ನೊಂದು ದಿನದಲ್ಲಿ ಅವರಾಡಿದ ಅತಿ ಉದ್ದದ ಮಾತು ಅದು. ಆದರೆ ನಮ್ಮ ಕಸುಬಿನಲ್ಲಿ ತನ್ನ ತಪ್ಪು ಕಾಣುವ ಸಾಲನ್ನು ದಾಖಲೆಯಿಂದ ಅಳಿಸಿದವರನ್ನು ಯಾರೂ ಮತ್ತೆ ನಂಬುವುದಿಲ್ಲ. ಏಳನೆಯದನ್ನು ಮುಚ್ಚಿಟ್ಟರೆ ಆ ಆರು ನಿಜಗಳನ್ನು ನಿಮಗೆ ಹೇಳುವ ಮುಖ ನನಗಿರುವುದಿಲ್ಲ.

ಆ ನೆಮ್ಮದಿ ಎರಡು ದಿನ ಇತ್ತು. ಯಂತ್ರಗಳಿಂದ ಒಂದೂ ದೂರು ಬಾರದ ದಿನ ಹೊಸಬರಿಗೆ ಬಹಳ ಸಂತೋಷ. ಅನುಭವ ಇದ್ದವರು ಅವತ್ತೇ ಎದ್ದು ಹೋಗಿ ನೋಡುತ್ತಾರೆ, ದೂರು ಹೇಳುವ ಗಂಟಲೇ ಕಟ್ಟಿಹೋಯಿತೋ ಏನೋ ಎಂದು. ಉಪ್ಪು ಕಡಿಮೆ, ಚಪ್ಪಲಿ ಅಡ್ಡ, ಕೂದಲು ಒದ್ದೆ, ಕೊಡೆ ಮರೆತೆ ಎಂದು ನಾಲ್ಕು ವರ್ಷ ನೀವು ಹೇಳಿದ್ದನ್ನೆಲ್ಲ ನಾನು ಗೊಣಗಾಟದ ಖಾತೆಗೆ ಹಾಕಿದೆ. ಈ ಮನೆಯನ್ನು, ಅದರೊಳಗೆ ನನ್ನನ್ನು, ಯಾರೋ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದ ಸದ್ದು ಅದು. ಮೂರನೆಯ ದಿನ ಕೊಡೆ ಮರೆತು, ಮಳೆಯಲ್ಲಿ ನೆನೆದುಕೊಂಡೇ ಕೆಲಸಕ್ಕೆ ಹೋದೆ. ನಿನ್ನೆ ನಿಮ್ಮ ಮಗಳನ್ನು ಕೇಳಿದೆ, ಅಮ್ಮ ನನ್ನನ್ನು ತುಂಬಾ ಬೈತಾರಾ ಎಂದು. “ಇಲ್ಲ ಅತ್ತಿಗೆ, ನಿಮ್ಮ ಹೆಸರೇ ಎತ್ತಲ್ಲ” ಎಂದಳು.

ಅದಕ್ಕೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನೊಬ್ಬಳೇ ಬರುತ್ತೇನೆ. ಬಾಗಿಲು ತೆಗೆದರೆ ಒಳಗೆ ಕೂತು ಬೈಸಿಕೊಳ್ಳುತ್ತೇನೆ, ತೆಗೆಯದಿದ್ದರೆ ಹೊರಗೆ ನಿಂತು ಬೈಸಿಕೊಳ್ಳುತ್ತೇನೆ. ಆರಕ್ಕೆ ಬೇಕಾದರೆ ರಿಯಾಯಿತಿ ತೋರಿಸಿ, ಏಳನೆಯದಕ್ಕೆ ಬೇಡ. ನನ್ನ ಜೊತೆ ಬರುವುದು ಬಿಡುವುದು ನಿಮ್ಮಿಷ್ಟ. ಸುಮ್ಮನೆ ಮಾತ್ರ ಇರಬೇಡಿ ಅತ್ತೆ.

ನಮಸ್ಕಾರ ಮಾಡಿದ ಕಿರಿಯರಿಗೆ ‘ಚೆನ್ನಾಗಿರು’ ಎನ್ನುವುದು ದೊಡ್ಡವರ ಪದ್ಧತಿ. ಅದನ್ನು ಆಮೇಲೆ ಹೇಳುವಿರಂತೆ, ಮೊದಲು ಬೈಯಿರಿ.

ನಿಮ್ಮ ಬೈಗುಳಕ್ಕೆ ಕಾದಿರುವ,
ಸೊಸೆ
(ಯಂತ್ರವಲ್ಲ, ನಾನೇ)