ಡಬ್ಬಿಯ ತಳದ ಹಾಳೆ

ಬುಧವಾರ, ಮಧ್ಯಾಹ್ನ
ಹಾಸ್ಟೆಲ್

ಪ್ರೀತಿಯ ಅಮ್ಮನಿಗೆ,

ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಿದ್ದರೆ ಸಾರಿ ಅಮ್ಮ. ನಮ್ಮ ಮನೆಯ ಫೋನು ಯಾವಾಗಲೂ ಸ್ಪೀಕರ್ ಮೇಲೆ. ನಾನೊಂದು ಹಲೋ ಅಂದರೆ ನಿನ್ನದು, ಅಪ್ಪನದು, ಅತ್ತೆಯದು ಎಂದು ಮೂರು ಹಲೋ ವಾಪಸ್ ಬರುತ್ತವೆ. ಕಾಗದ ಮನೆಗೆ ಕಳಿಸಿದರೆ ಅತ್ತೆಯೇ ಮೊದಲು ಒಡೆಯುವುದು. ಅದಕ್ಕೇ ನಿನ್ನ ಗಾರ್ಮೆಂಟ್ಸ್ ವಿಳಾಸಕ್ಕೆ ಕೊರಿಯರ್ ಮಾಡುತ್ತಿದ್ದೇನೆ. ಊಟದ ಬಿಡುವಿನಲ್ಲಿ ಒಬ್ಬಳೇ ಓದು.

ಫಾರ್ಮಸಿ ಸೇರಿದ ಹೊಸತರಲ್ಲಿ ರಜೆಗೆ ಬಂದು ನಿನಗೊಂದು ಮಾತ್ರೆ ಡಬ್ಬಿ ಮಾಡಿಕೊಟ್ಟೆನಲ್ಲ, ಏಳು ದಿನಕ್ಕೆ ಏಳು ಖಾನೆ. ನೀನು ಥೈರಾಯ್ಡ್ ಮಾತ್ರೆ ಮರೆಯುತ್ತಿದ್ದೆ. ಹೊಟ್ಟೆ ಉಬ್ಬರಕ್ಕೆ ಮೆಡಿಕಲ್ ಶಾಪಿನಿಂದ ನೀನೇ ತಂದುಕೊಳ್ಳುವ ಗ್ಯಾಸ್ ಮಾತ್ರೆಯನ್ನು ಮಾತ್ರ ಮರೆಯುತ್ತಿರಲಿಲ್ಲ. ಎರಡನ್ನೂ ಒಂದೇ ಖಾನೆಗೆ ಹಾಕಿ ‘ಬೆಳಿಗ್ಗೆ, ಖಾಲಿ ಹೊಟ್ಟೆ’ ಎಂದು ಲೇಬಲ್ ಅಂಟಿಸಿದೆ. ಅತ್ತೆ “ಬಂದ್ರಪ್ಪ ನಮ್ಮ ಅರ್ಧ ಡಾಕ್ಟ್ರು” ಅಂದರು. ನೀನು ಡಬ್ಬಿಯನ್ನು ಪಕ್ಕದ ಮನೆಗೂ ತೋರಿಸಿ ಬಂದೆ. ಈಗಲೂ ಪ್ರತಿ ಭಾನುವಾರ ಹಾಗೇ ತುಂಬಿಸಿಕೊಳ್ಳುತ್ತೀಯ.

ಅವೆರಡು ಒಟ್ಟಿಗೆ ಹೊಟ್ಟೆಗೆ ಹೋಗಬಾರದು ಅಮ್ಮ. ಗ್ಯಾಸ್ ಮಾತ್ರೆ ವಿಷವೇನಲ್ಲ, ಕೆಲವರಿಗೆ ಮಲಬದ್ಧತೆ, ಕೆಲವರಿಗೆ ಭೇದಿ ಆಗಬಹುದು. ಆದರೆ ಅದು ಥೈರಾಯ್ಡ್ ಮಾತ್ರೆಯನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಡುವೆ ನಾಲ್ಕು ಗಂಟೆಯಾದರೂ ಬೇಕು. ನಿನ್ನೆ ಲ್ಯಾಬಿನಲ್ಲಿ ಓದಿದೆ.

ನಿನ್ನ ಮುಖ ಊದಿದ್ದು, ಫ್ಯಾನ್ ಹಾಕಿದರೆ ಚಳಿ ಎನ್ನುವುದು, ಮಷೀನಿನ ಮೇಲೇ ತೂಕಡಿಸಿದ್ದಕ್ಕೆ ಸೂಪರ್‌ವೈಸರ್ ಕಾಲರ್ ಹೊಲಿಯುವ ಕೆಲಸ ತೆಗೆದು ದಾರ ಕತ್ತರಿಸಲು ಕೂರಿಸಿದ್ದು, ಎಲ್ಲ ವಯಸ್ಸಿನಿಂದ ಅಂದುಕೊಂಡಿದ್ದೀಯ. ನನ್ನ ಡಬ್ಬಿಯಿಂದ ಆದದ್ದು. ಪಾಪ ಡಾಕ್ಟರು, ಎರಡು ಸಲ ಡೋಸ್ ಏರಿಸಿದರು. “ಮಾತ್ರೆ ತಪ್ಪಿಸ್ತಿಲ್ಲ ತಾನೇ?” ಎಂದು ಕೇಳಿದರೆ ನೀನು, “ಒಂದಿನಾನೂ ಇಲ್ಲ ಸಾರ್, ನನ್ನ ಮಗಳೇ ಡಬ್ಬಿ ಮಾಡ್ಕೊಟ್ಟಿದ್ದಾಳೆ” ಅಂದೆಯಂತೆ.

ನಿನ್ನೆ ಸಂಜೆ ಫೋನಿನಲ್ಲೇ ಹೇಳೋಣ ಎಂದು ಬಾಯಿ ತೆರೆದೆ. ಅತ್ತೆ ಮಂಡಿನೋವಿಗೆ ಯಾವ ಮಾತ್ರೆ ಒಳ್ಳೆಯದು ಎಂದು ಕೇಳಿದರು. ಅಪ್ಪ, “ನೋಡಿದ್ಯಾ, ಓದ್ಸಿದ್ದು ಸಾರ್ಥಕ ಆಯ್ತು” ಅಂದರು. ಯಾವ ಸಂದಿಯಲ್ಲಿ ನುಗ್ಗಿ ಹೇಳಲಿ?

ಸೋಮವಾರ ಡಾಕ್ಟರ ಹತ್ತಿರ ಚೆಕಪ್‌ಗೆ ಹೋದರೆ ಡೋಸ್ ಇನ್ನೂ ಏರಿಸುತ್ತಾರೆ. ಅಲ್ಲಿಯವರೆಗೂ ಕಾಯಬೇಡ. ನೀನಾಗಿಯೇ ಏನೂ ಬಿಡಲೂಬೇಡ. ಏರಿಸಿದ ಡೋಸ್ ಒಂದೇ ಸಲ ಮೈಗೆ ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ. ಕಾಗದ ಸಿಕ್ಕಿದ ದಿನವೇ ಡಬ್ಬಿ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗು. ಮಗಳು ಮಾಡಿದ ತಪ್ಪು ಎಂದೇ ಹೇಳು.

ಮಾತ್ರೆ ಗಲಗಲ ಅನ್ನಬಾರದೆಂದು ಖಾನೆಗಳ ತಳಕ್ಕೆ ಕಾಗದ ಕತ್ತರಿಸಿ ಹಾಸಿದ್ದೆನಲ್ಲ, ಅದು ಗ್ಯಾಸ್ ಮಾತ್ರೆಯ ಜೊತೆ ಬಂದ ಸೂಚನೆಯ ಹಾಳೆ. ಓದದೇ ಕತ್ತರಿಸಿದ್ದೆ. ಎಚ್ಚರಿಕೆಯ ಸಾಲು ಯಾವುದೋ ಒಂದು ದಿನದ ಮಾತ್ರೆಗಳ ಕೆಳಗೆ ಈಗಲೂ ಇದೆ.

ನಿನ್ನ
ಪುಟ್ಟಿ

ತಾ.ಕ.: ಲ್ಯಾಬಿನಲ್ಲಿ ಓದಿದ್ದು ನಿನ್ನೆಯಲ್ಲ ಅಮ್ಮ, ಮೂರು ವಾರದ ಹಿಂದೆ. ಮೊನ್ನೆ ಭಾನುವಾರ ನೀನು, “ಗ್ಯಾಸ್ ಮಾತ್ರೆ ಮುಗೀತಾ ಬಂತು ಪುಟ್ಟಿ, ಇನ್ನೊಂದಿಷ್ಟು ತರ್ಲಾ?” ಅಂದಾಗ ಪಕ್ಕದಲ್ಲಿ ಅತ್ತೆ ಕೆಮ್ಮಿದ್ದು ಕೇಳಿಸಿತು. ಎಲ್ಲ ಗೊತ್ತಿದ್ದೇ “ತಗೋ ಅಮ್ಮ” ಅಂದೆ. ಗಾರ್ಮೆಂಟ್ಸಿನ ನಿನ್ನ ಗೆಳತಿಯ ಫೋನಿನಿಂದ ಕರೆ ಮಾಡು. ಬೈಯುವುದಿದ್ದರೂ ಸರಿ, ಬೇಗ ಉತ್ತರ ಕೊಡು.