ಎರಡು ಕಟ್ಟು ಬಾಣ

ಯಾರ್ಕ್ ಕೋಟೆಯಲ್ಲಿ ರಾಜರಿಗೆ ಬಾಣ ಕಟ್ಟುತ್ತಿರುವ ನಮ್ಮ ಯಜಮಾನರಿಗೆ, ಹಾವಿಸಳ ನಮಸ್ಕಾರ.

ಇಬ್ಬರು ಮಕ್ಕಳೂ ಮನೆಗೆ ಬಂದಿದ್ದಾರೆ. ಥರ್ಸ್ಟನ್‌ನ ಕಾಲು ಉಳುಕಿದೆ, ರಾಜರ ದಂಡಿನಲ್ಲಿದ್ದ ಐವೊಗೆ ನೆಗಡಿ, ಅಷ್ಟೇ. ರಾಜರ ಮೇಲೆ ತಿರುಗಿಬಿದ್ದ ನಮ್ಮ ಒಡೆಯರು ಹೊಳೆ ದಾಟಲಾಗದೆ ಸಿಕ್ಕಿಬಿದ್ದರಂತೆ. ಅವರ ಒಕ್ಕಲೆಂಬ ಕಾರಣಕ್ಕೆ ಅವರ ಹಿಂದೆ ಹೋಗಬೇಕಾಗಿ ಬಂದವರಿಗೆಲ್ಲ ರಾಜರು ಕ್ಷಮೆ ಕೊಟ್ಟಿದ್ದಾರೆ. ಇನ್ನು ಥರ್ಸ್ಟನ್ ಬಗ್ಗೆ ಹೆದರಬೇಡಿ.

ಆದರೆ ಮನೆಯಲ್ಲಿ ಯುದ್ಧ ಮುಗಿದಿಲ್ಲ.

"ನನ್ನ ಬಾಣಕ್ಕೆ ನಿಮ್ಮ ರಾಜನ ಕಡೆಯೋರು ಹೆಂಗೆ ಓಡಿದ್ರು, ನೋಡ್ಲಿಲ್ವೇನೋ?" ಅಂತ ದೊಡ್ಡವನು.

"ಓಡಿ ಕಾಲು ಉಳುಕಿಸ್ಕೊಂಡೋನು ಯಾರಪ್ಪ? ಸುಮ್ನೆ ಗಂಜಿ ಕುಡಿ" ಅಂತ ಚಿಕ್ಕವನು.

ಒಂದೇ ಹೊಳೆಯ ಆ ದಡ ಈ ದಡದಲ್ಲಿ ಎದುರುಬದುರು ನಿಂತಿದ್ದರೆಂದು ನನಗೆ ಆಗ ಗೊತ್ತಾಯಿತು.

ನೆನೆದಿದ್ದ ಬತ್ತಳಿಕೆಗಳನ್ನು ಒಣಗಿಸಲು ತೆಗೆದೆ. ಹೊರಡುವಾಗ ಇಬ್ಬರಿಗೂ ನೀವು ಒಂದೊಂದು ಕಟ್ಟು ಬಾಣ ಕೊಟ್ಟಿದ್ದಿರಲ್ಲ, ಎರಡರ ಮೇಲೂ ನೀವು ಹಾಕಿದ ಗಂಟು ಹಾಗೆಯೇ ಇತ್ತು. ಒಬ್ಬನೂ ಬಿಚ್ಚಿರಲಿಲ್ಲ.

ನಾನು ಏನೂ ಕೇಳಲಿಲ್ಲ. ನೀವೂ ಕೇಳಬೇಡಿ, ಅವರ ಪ್ರತಾಪಕ್ಕೆ ಹೂಂಗುಟ್ಟಿದರೆ ಸಾಕು. ಬರುವಾಗ ಉಪ್ಪು ತನ್ನಿ. ಈ ಪತ್ರ ಯಾರಿಗೂ ತೋರಿಸಬೇಡಿ.

ಬತ್ತಳಿಕೆ ನೋಡಲು ರಾಜರ ದಂಡಿನವರು ಮನೆಮನೆಗೆ ಬರುತ್ತಾರೆಂದು ಸುದ್ದಿ. ಬಿಚ್ಚದ ಕಟ್ಟು ಕಂಡರೆ ಐವೊ ರಾಜರಿಗಾಗಿ ಒಂದು ಬಾಣವನ್ನೂ ಬಿಡಲಿಲ್ಲವೆಂದು ಹಿಡಿದುಕೊಂಡು ಹೋದಾರು. ಅದಕ್ಕೇ ಗರಿ, ಮೊನೆ ಬಿಡಿಸಿ ನಿಮಗಾಗಿ ಎತ್ತಿಟ್ಟಿದ್ದೇನೆ. ಉಳಿದ ಕಡ್ಡಿಗಳ ಉರಿಯಲ್ಲೇ ಇವತ್ತಿನ ಗಂಜಿ ಬೆಂದದ್ದು. ಬೈಯಬೇಡಿ. ಬತ್ತಳಿಕೆ ಖಾಲಿಯಾದದ್ದನ್ನು ಇಬ್ಬರೂ ನೋಡಿದರು, ಒಲೆಯನ್ನೂ ನೋಡಿದರು. ಆಮೇಲೆ ಒಟ್ಟಿಗೇ ಬಟ್ಟಲು ಮುಂದೆ ಹಿಡಿದು ಇನ್ನಷ್ಟು ಗಂಜಿ ಕೇಳಿದರು.

ನಿಮ್ಮ ದಾರಿ ನೋಡುತ್ತಿರುವ,
ಹಾವಿಸ್